ಸಬ್‌ವೇ ಸ್ಯಾಂಡ್‌ವಿಚ್ಚೂ ನಮ್ಮ ಮಕ್ಕಳ ಊಟವೂ

(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಡೆದ ಕುಟುಂಬ ಕೂಟದಲ್ಲಿ ಊಟೋಪಚಾರ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ನಾಡು, ನುಡಿ, ಸಂಸ್ಕೃತಿಗಳ ಬಗ್ಗೆ ಮಾತನಾಡುವುದು ವಾಡಿಕೆ. ಅವುಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೆಳಗಿನಿಂದ ಮಾತನಾಡಿದ್ದಾರೆ. ಊಟೋಪಚಾರ ಸಮಿತಿಯವರಾದ ನಮಗೆ ಪಾತ್ರೆ, ಸೌಟು, ಬಾಳೆಲೆಗಳ ಪರಿಚಯವೇ ಹೆಚ್ಚು. ಆದ್ದರಿಂದ ನಮ್ಮ ಮಟ್ಟದ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಅದು ಒಂದು ಸ್ಯಾಂಡ್‌ವಿಚ್ ಕಂಪನಿಯ ಕಥೆ. ನಗಬೇಡಿ. ಈ ಕಂಪನಿಯ ಹೆಸರು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ.

ವಿಷಯ ಹೀಗೆ ಬಂತು. ಮಕ್ಕಳ ಕಾರ್ಯಕ್ರಮಕ್ಕೆ ಪ್ರತಿ ಸಲ ಮಾಡುವ ಚಿತ್ರಾನ್ನ, ಮೊಸರನ್ನಗಳ ಬದಲು ಹೊರಗಿನಿಂದ ಸ್ಯಾಂಡ್‌ವಿಚ್ ತರಿಸಬಾರದೇಕೆ ಎಂಬ ಸಲಹೆ ನಮ್ಮ ಸಮಿತಿಗೆ ಬಂದಿದೆ. ಸಲಹೆ ಕೊಟ್ಟವರು ಮಕ್ಕಳಲ್ಲ, ತಾಯಂದಿರು. ಅವರ ಕಷ್ಟ ಸುಳ್ಳಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಐವತ್ತು ಜನಕ್ಕೆ ಒಗ್ಗರಣೆ ಹಾಕಿ, ಮೊಂಬಾಸಾ ರಸ್ತೆಯ ವಾಹನಗಳ ಸಾಲಿನಲ್ಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದರೆ, ಮಕ್ಕಳು ಎರಡು ತುತ್ತು ತಿಂದು ತಟ್ಟೆ ಬದಿಗೆ ಸರಿಸುತ್ತಾರೆ. ಸಲಹೆಯ ಜೊತೆಗೆ ಒಂದು ಮಾತೂ ಬಂತು: “ಬರ್ಗರ್ ಏನಲ್ಲವಲ್ಲ, ಸಬ್‌ವೇ ತಾನೆ? ಅದು ಆರೋಗ್ಯಕ್ಕೆ ಒಳ್ಳೆಯದು.” ಈ ಮಾತನ್ನು ಸಮಿತಿಯಲ್ಲಿ ಎಲ್ಲರೂ ಒಪ್ಪಿದೆವು. ಆಮೇಲೆ ಒಬ್ಬ ಹಿರಿಯರು ಕೇಳಿದರು, ಇದು ನಿಮಗೆ ಹೇಗೆ ಗೊತ್ತು ಎಂದು. ಯಾರಲ್ಲಿಯೂ ಉತ್ತರವಿರಲಿಲ್ಲ. ಇಂದಿನ ಮಾತು ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಕಂಪನಿಯ ಹುಟ್ಟು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ ಫ್ರೆಡ್ ಡೆಲೂಕಾ ಎಂಬ ಹದಿನೇಳು ವರ್ಷದ ಹುಡುಗ. ಡಾಕ್ಟರ್ ಆಗಬೇಕೆಂಬ ಆಸೆ, ಕಾಲೇಜಿಗೆ ದುಡ್ಡಿಲ್ಲ. ಈ ಕಥೆ ನಮ್ಮ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ನಡೆಯಬಹುದಾದದ್ದೇ. ಮನೆಯವರಿಗೆ ಆಪ್ತರಾಗಿದ್ದ ಪೀಟರ್ ಬಕ್ ಎಂಬ ಪರಮಾಣು ಭೌತವಿಜ್ಞಾನಿ ಒಂದು ಸಾವಿರ ಡಾಲರ್ ಕೊಟ್ಟು, ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್ ಅಂಗಡಿ ಇಡು, ಕಾಲೇಜಿನ ಖರ್ಚು ಹುಟ್ಟುತ್ತದೆ ಎಂದರು. 1965ರ ಆಗಸ್ಟ್ 28ರಂದು ಅಂಗಡಿ ತೆರೆಯಿತು. ಮೊದಲ ದಿನವೇ 312 ಸ್ಯಾಂಡ್‌ವಿಚ್ ಮಾರಾಟವಾದವು ಎಂದು ಕಂಪನಿಯ ಚರಿತ್ರೆ ಹೇಳುತ್ತದೆ. ಆಗಿನ ಹೆಸರು ‘ಪೀಟ್ಸ್ ಸೂಪರ್ ಸಬ್‌ಮರೀನ್ಸ್’. ಆ ಬ್ರೆಡ್ಡು ಜಲಾಂತರ್ಗಾಮಿ ಹಡಗಿನ ಆಕಾರದಲ್ಲಿರುವುದರಿಂದ ಸಬ್‌ಮರೀನ್. ರೇಡಿಯೋ ಜಾಹೀರಾತಿನಲ್ಲಿ ‘ಪೀಟ್ಸ್ ಸಬ್‌ಮರೀನ್ಸ್’ ಎಂದದ್ದು ಜನರ ಕಿವಿಗೆ ‘ಪಿಜ್ಜಾ ಮರೀನ್ಸ್’ ಎಂದು ಕೇಳಿಸುತ್ತಿತ್ತಂತೆ. ಹಾಗಾಗಿ ಹೆಸರನ್ನು ಮೊಟಕು ಮಾಡುತ್ತ ಮಾಡುತ್ತ 1968ರ ಹೊತ್ತಿಗೆ ‘ಸಬ್‌ವೇ’ ಎಂದಾಯಿತು. ಮೂಲ ಕಂಪನಿಗೆ ‘ಡಾಕ್ಟರ್ಸ್ ಅಸೋಸಿಯೇಟ್ಸ್’ ಎಂದು ಹೆಸರಿಟ್ಟರು. ಅದನ್ನು ನೋಡಿ ವೈದ್ಯರೇ ಸೇರಿ ಮಾಡಿದ ಕಂಪನಿ ಎಂದುಕೊಳ್ಳುವವರಿದ್ದಾರೆ. ಪೀಟರ್ ಬಕ್ ಪಿಎಚ್‌ಡಿ ಪಡೆದ ಡಾಕ್ಟರು, ಡೆಲೂಕಾ ಡಾಕ್ಟರಾಗಬೇಕೆಂದಿದ್ದವರು, ಅಷ್ಟೆ. ರೋಗಿಗೂ ಆ ಹೆಸರಿಗೂ ಸಂಬಂಧವಿಲ್ಲ.

ಹತ್ತು ವರ್ಷದಲ್ಲಿ 32 ಅಂಗಡಿ ಎಂಬುದು ಇಬ್ಬರ ಗುರಿ. 1974ರ ಹೊತ್ತಿಗೆ ಆದದ್ದು 16. ಆಗ ಹೊರಗಿನವರಿಗೆ ಫ್ರಾಂಚೈಸಿ ಕೊಡುವ ದಾರಿ ಹಿಡಿದರು. ಹೆಸರು, ಪದ್ಧತಿ, ಸಾಮಗ್ರಿಯ ನಿಯಮ ಕಂಪನಿಯದು. ಬಂಡವಾಳ, ಬಾಡಿಗೆ, ದುಡಿಮೆ ಅಂಗಡಿಯವನದು. ಮಾರಾಟದಲ್ಲಿ ನೂರಕ್ಕೆ 8 ಕಂಪನಿಗೆ ರಾಯಧನ, ಇನ್ನು ನಾಲ್ಕೂವರೆ ಜಾಹೀರಾತಿಗೆ. ಗಮನಿಸಿ, ಲಾಭದಲ್ಲಿ ಅಲ್ಲ, ಮಾರಾಟದಲ್ಲಿ. ಅಂಗಡಿಯವನಿಗೆ ನಷ್ಟವಾದ ತಿಂಗಳೂ ಕಂಪನಿಗೆ ಅದರ ಪಾಲು ಹೋಗುತ್ತದೆ. ಕರಿಯುವ ಬಾಣಲೆ ಬೇಡ, ದೊಡ್ಡ ಹೊಗೆಗೂಡು ಬೇಡ, ಸಣ್ಣ ಜಾಗ ಸಾಕು, ಬೇರೆ ಕಂಪನಿಗಳಿಗಿಂತ ಕಡಿಮೆ ಬಂಡವಾಳ ಸಾಕು ಎಂಬ ಕಾರಣಕ್ಕೆ ಹೊಸದಾಗಿ ಅಮೆರಿಕಕ್ಕೆ ಹೋದ ವಲಸಿಗರು ಬಹಳ ಮಂದಿ ಈ ಅಂಗಡಿ ಹಾಕಿದರು. ಅವರಲ್ಲಿ ಭಾರತದಿಂದ ಹೋದ ಕುಟುಂಬಗಳೂ ಸಾಕಷ್ಟು. ಗಂಡ ಗಲ್ಲಾದಲ್ಲಿ, ಹೆಂಡತಿ ತರಕಾರಿ ಹೆಚ್ಚುವುದರಲ್ಲಿ, ಮಕ್ಕಳು ಮೂಲೆಯ ಮೇಜಿನಲ್ಲಿ ಹೋಮ್‌ವರ್ಕ್. ಪೂರ್ವ ಆಫ್ರಿಕದ ದುಕಾನುಗಳ ಇತಿಹಾಸ ಬಲ್ಲ ಈ ಸಭೆಗೆ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ.

ಉತ್ತರ ಅಮೆರಿಕದ ಹೊರಗೆ ಮೊದಲ ಅಂಗಡಿ 1984ರಲ್ಲಿ ಬಹರೇನಿನಲ್ಲಿ. ಭಾರತಕ್ಕೆ 2001ರಲ್ಲಿ, ದೆಹಲಿಯಲ್ಲಿ. 2010ರ ಕೊನೆಗೆ ಪ್ರಪಂಚದಲ್ಲಿ ಅದರ ಅಂಗಡಿಗಳ ಸಂಖ್ಯೆ 33,000 ದಾಟಿ ಮೆಕ್‌ಡೊನಾಲ್ಡ್ಸ್ ಅನ್ನು ಹಿಂದಕ್ಕೆ ಹಾಕಿತು. ಆ ದಶಕದಲ್ಲೇ ನಮ್ಮ ನೈರೋಬಿಗೂ ಬಂತು. ಇಷ್ಟು ಚರಿತ್ರೆ ಸಾಕು.

ಇನ್ನು ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತಿಗೆ ಬರೋಣ. ಮೊದಲ ಮೂವತ್ತು ವರ್ಷ ಈ ಸ್ಯಾಂಡ್‌ವಿಚ್ಚಿನ ಬಗ್ಗೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಹೊಟ್ಟೆ ತುಂಬುತ್ತದೆ, ಅಗ್ಗ, ಬೇಗ ಸಿಗುತ್ತದೆ ಎನ್ನುತ್ತಿದ್ದರು. 1997ರಲ್ಲಿ ಕಂಪನಿ ಒಂದು ಪಟ್ಟಿ ಹಾಕಿತು: ಆರು ಗ್ರಾಮಿಗಿಂತ ಕಡಿಮೆ ಕೊಬ್ಬಿರುವ ಏಳು ಸ್ಯಾಂಡ್‌ವಿಚ್. ಸುಳ್ಳೇನಲ್ಲ, ಆದರೆ ಆ ಲೆಕ್ಕದಲ್ಲಿ ಚೀಸ್ ಇಲ್ಲ, ಮೇಯನೇಸ್ ಇಲ್ಲ, ಜೊತೆಗೆ ಕೊಳ್ಳುವ ಕುಕ್ಕಿ, ಚಿಪ್ಸ್, ಕೋಲಾ ಇಲ್ಲ. ಪಕ್ಕದಲ್ಲಿ ಬರ್ಗರ್ ಅಂಗಡಿ ಇದ್ದುದರಿಂದ ಇದು ಸಾತ್ವಿಕವಾಗಿ ಕಂಡಿತು.

ನಂತರ ಬಂದವನು ಜ್ಯಾರೆಡ್ ಫೋಗಲ್ ಎಂಬ ಇಂಡಿಯಾನಾದ ವಿದ್ಯಾರ್ಥಿ. ದಿನಕ್ಕೆ ಎರಡು ಹೊತ್ತು ಈ ಸ್ಯಾಂಡ್‌ವಿಚ್ ತಿಂದು, ನಡೆದು, 245 ಪೌಂಡ್, ಅಂದರೆ ಸುಮಾರು 111 ಕಿಲೋ ತೂಕ ಇಳಿಸಿದೆ ಎಂದ. 2000ದಿಂದ ಟಿವಿಯಲ್ಲಿ ಅವನದೇ ಮುಖ. ತನ್ನ ಹಳೆಯ ಪ್ಯಾಂಟನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಲ್ಲುತ್ತಿದ್ದ ಆ ಚಿತ್ರ ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹದಿನೈದು ವರ್ಷ ಅವನೇ ಕಂಪನಿಯ ಮುಖವಾಣಿ, ಶಾಲೆಗಳಿಗೂ ಹೋಗಿ ಭಾಷಣ ಮಾಡುತ್ತಿದ್ದ. ನಾವು ಮನೆಗಳಲ್ಲಿ ಇಂದಿಗೂ ಆಡುವ ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತಿನ ಬಹುಪಾಲು ಆ ಪ್ಯಾಂಟಿನಿಂದ ಬಂದದ್ದು. ತೂಕ ಇಳಿದದ್ದು ಕಡಿಮೆ ತಿಂದುದರಿಂದಲೂ ನಡೆದುದರಿಂದಲೂ. ಅಷ್ಟೇ ಶಿಸ್ತಿನಿಂದ ಮೂರು ಇಡ್ಲಿ ತಿಂದು ನಡೆದಿದ್ದರೂ ಇಳಿಯುತ್ತಿತ್ತು. ಆದರೆ ಇಡ್ಲಿಗೆ ಜಾಹೀರಾತಿನ ಹಣವಿರಲಿಲ್ಲ. 2015ರಲ್ಲಿ ಅದೇ ವ್ಯಕ್ತಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಒಪ್ಪಿಕೊಂಡು ಹದಿನೈದು ವರ್ಷಕ್ಕೂ ಮೀರಿದ ಸೆರೆವಾಸಕ್ಕೆ ಹೋದ. ಕಂಪನಿ ಅವನೊಂದಿಗಿನ ನಂಟನ್ನು ಕಡಿದುಕೊಂಡಿತು. ಸಂಸ್ಥಾಪಕ ಡೆಲೂಕಾ ತೀರಿಕೊಂಡದ್ದೂ ಆ ವರ್ಷವೇ. ಮಕ್ಕಳು ಕುಳಿತಿರುವ ಸಭೆಯಲ್ಲಿ ಇದನ್ನು ಹೇಳಬೇಕೇ ಎಂದು ಯೋಚಿಸಿದೆವು. ಒಂದು ಮುಖವನ್ನು ನೋಡಿ ಒಂದು ಆಹಾರವನ್ನು ನಂಬುವುದು ಎಂಥ ಸಡಿಲ ಲೆಕ್ಕ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು, ಆದ್ದರಿಂದ ಹೇಳಿದ್ದೇವೆ.

ಅವನ ವಿಷಯ ಬಿಡಿ, ಬ್ರೆಡ್ಡಿನ ವಿಷಯ ನಮಗೆ ಹೆಚ್ಚು ಮುಖ್ಯ. ಐರ್ಲೆಂಡಿನಲ್ಲಿ ಸಬ್‌ವೇ ಅಂಗಡಿ ನಡೆಸುತ್ತಿದ್ದ ಒಂದು ಸಂಸ್ಥೆ ತೆರಿಗೆ ಇಲಾಖೆಯ ಜೊತೆ ವ್ಯಾಜ್ಯ ಹೂಡಿತು. ಅಲ್ಲಿಯ ಕಾನೂನಿನಲ್ಲಿ ಬ್ರೆಡ್ಡು ನಿತ್ಯದ ಆಹಾರ, ಆದ್ದರಿಂದ ಅದಕ್ಕೆ ಮೌಲ್ಯವರ್ಧಿತ ತೆರಿಗೆ ಇಲ್ಲ. ನಮ್ಮ ಸ್ಯಾಂಡ್‌ವಿಚ್ಚೂ ಬ್ರೆಡ್ಡೇ ಅಲ್ಲವೆ ಎಂಬುದು ಸಂಸ್ಥೆಯ ವಾದ. ಆದರೆ ಕಾನೂನು ಬ್ರೆಡ್ಡಿಗೆ ಒಂದು ಲಕ್ಷಣ ಹೇಳಿತ್ತು: ಸಕ್ಕರೆಯು ಹಿಟ್ಟಿನ ತೂಕದ ನೂರಕ್ಕೆ ಎರಡನ್ನು ಮೀರಬಾರದು. ಈ ಬ್ರೆಡ್ಡಿನಲ್ಲಿ ಇದ್ದದ್ದು ನೂರಕ್ಕೆ ಹತ್ತು. 2020ರಲ್ಲಿ ಐರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ, ಈ ಕಾನೂನಿನ ಮಟ್ಟಿಗೆ ಇದು ಬ್ರೆಡ್ಡಲ್ಲ ಎಂದು ತೀರ್ಪು ಕೊಟ್ಟಿತು. ಪತ್ರಿಕೆಗಳು ‘ಸಬ್‌ವೇ ಬ್ರೆಡ್ಡು ಬ್ರೆಡ್ಡೇ ಅಲ್ಲ’ ಎಂದು ದೊಡ್ಡಕ್ಷರದಲ್ಲಿ ಹಾಕಿದವು. ತೀರ್ಪು ತೆರಿಗೆಗೆ ಸಂಬಂಧಿಸಿದ್ದು, ವಿಷದ ಆಪಾದನೆಯಲ್ಲ. ಆದರೂ ತಾಯಂದಿರ ಅಡುಗೆಮನೆಯ ಲೆಕ್ಕಕ್ಕೆ ತನ್ನಿ. ನೂರು ಗ್ರಾಂ ಹಿಟ್ಟಿಗೆ ಹತ್ತು ಗ್ರಾಂ ಸಕ್ಕರೆ ಎಂದರೆ ಎರಡು ಚಮಚೆಗಿಂತ ಸ್ವಲ್ಪ ಹೆಚ್ಚು. ಚಪಾತಿ ಹಿಟ್ಟಿಗೆ ಅಷ್ಟು ಸಕ್ಕರೆ ಹಾಕಿದರೆ ಮನೆಯಲ್ಲಿ ಅತ್ತೆಯವರು ಏನೆನ್ನುತ್ತಾರೆ? ಅದು ಹೋಳಿಗೆಯ ಕಡೆಗೆ ಹೊರಟಿದೆ ಎನ್ನುತ್ತಾರೆ. ದೇಶದಿಂದ ದೇಶಕ್ಕೆ ಹಿಟ್ಟಿನ ಪಾಕ ಬೇರೆ ಇರಬಹುದು. ಕೇಳಿ ತಿಳಿದುಕೊಳ್ಳಬೇಕಾದ ಮಾತು ಅದು.

ಅದಕ್ಕೆ ಮೊದಲು, 2014ರಲ್ಲಿ, ಬ್ರೆಡ್ಡಿನ ಮೇಲೆ ಇನ್ನೊಂದು ಗದ್ದಲ ಎದ್ದಿತ್ತು. ಅದನ್ನು ಎಬ್ಬಿಸಿದವರು ವಾಣಿ ಹರಿ, ಭಾರತದಿಂದ ಅಮೆರಿಕಕ್ಕೆ ಹೋದ ದಂಪತಿಗಳ ಮಗಳು. ಹಿಟ್ಟು ಹದಕ್ಕೆ ಬರಲು ಹಾಕುವ ಅಜೋಡೈಕಾರ್ಬನಮೈಡ್ ಎಂಬ ರಾಸಾಯನಿಕವನ್ನು ಯೋಗದ ಚಾಪೆ ಮಾಡುವುದಕ್ಕೂ ಬಳಸುತ್ತಾರೆ, ಇದನ್ನು ಬ್ರೆಡ್ಡಿನಿಂದ ತೆಗೆಯಿರಿ ಎಂದು ಅವರು ಸಹಿ ಸಂಗ್ರಹಿಸಿದರು. ಕಂಪನಿ, ನಾವು ಮೊದಲೇ ತೆಗೆಯುವ ಕೆಲಸ ಶುರುಮಾಡಿದ್ದೆವು ಎಂದು ಹೇಳಿ ತೆಗೆಯಿತು. ಇಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಯೋಗದ ಚಾಪೆ ಎಂಬ ಮಾತು ಹೆದರಿಸುವುದಕ್ಕೆ ಚೆನ್ನಾಗಿತ್ತು, ತಿಳಿಸುವುದಕ್ಕೆ ಅಷ್ಟು ಚೆನ್ನಾಗಿರಲಿಲ್ಲ. ಅಡುಗೆ ಸೋಡಾವನ್ನು ಪಾತ್ರೆ ತೊಳೆಯಲೂ ಬಳಸುತ್ತೇವೆ, ಹಾಗೆಂದು ಬೋಂಡ ಬಿಡುವುದಿಲ್ಲ. ಅಮೆರಿಕದ ಸರ್ಕಾರ ಆ ವಸ್ತುವಿಗೆ ಹತ್ತು ಲಕ್ಷಕ್ಕೆ 45 ಭಾಗದ ಮಿತಿಯಲ್ಲಿ ಒಪ್ಪಿಗೆ ಕೊಟ್ಟಿತ್ತು, ಯುರೋಪಿನಲ್ಲಿ ಅದನ್ನು ಆಹಾರದಲ್ಲಿ ಬಳಸಲು ಅನುಮತಿಯೇ ಇರಲಿಲ್ಲ. ನಮಗೆ ಇದರಲ್ಲಿ ಬೇರೆಯದೇ ಒಂದು ವಿಷಯ ಕಂಡಿತು. ಗಿರಾಕಿಗಳು ಗುಂಪಾಗಿ ಕೇಳಿದಾಗ ಇಷ್ಟು ದೊಡ್ಡ ಕಂಪನಿಯೂ ಕೆಲವೇ ವಾರಗಳಲ್ಲಿ ಉತ್ತರ ಕೊಟ್ಟಿತು.

2013ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ಹುಡುಗ ‘ಫುಟ್‌ಲಾಂಗ್’ ಎಂಬ ಸ್ಯಾಂಡ್‌ವಿಚ್ಚಿಗೆ ಟೇಪು ಹಿಡಿದು ಹನ್ನೊಂದೇ ಇಂಚು ಎಂದು ತೋರಿಸಿದ. ಅಮೆರಿಕದಲ್ಲಿ ಮೊಕದ್ದಮೆಗಳಾದವು. ಹಿಟ್ಟಿನ ಉಂಡೆಯ ತೂಕ ಒಂದೇ, ಬೇಯುವಾಗ ಕೆಲವು ಉದ್ದ ಕೆಲವು ಅಗಲ ಆಗುತ್ತವೆ, ತಿನ್ನುವವನಿಗೆ ನಷ್ಟವಿಲ್ಲ ಎಂದು ಕೊನೆಗೆ ಗೊತ್ತಾಯಿತು. ರಾಜಿಯಲ್ಲಿ ವಕೀಲರಿಗೆ ಫೀಜು, ಗಿರಾಕಿಗಳಿಗೆ ಏನೂ ಇಲ್ಲ ಎಂಬ ಸ್ಥಿತಿ ಕಂಡು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ರಾಜಿಯನ್ನೇ ತಳ್ಳಿಹಾಕಿತು. 2021ರಲ್ಲಿ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ಚಿನಲ್ಲಿ ಟ್ಯೂನಾ ಇಲ್ಲ ಎಂಬ ದಾವೆ ಬಂದು 2023ರಲ್ಲಿ ಮುಗಿಯಿತು. ಬೇಯಿಸಿದ ಮೀನಿನಲ್ಲಿ ಅದರ ಗುರುತು ಹಿಡಿಯುವುದೇ ಕಷ್ಟ. ಮೀನು ತಿನ್ನುವ ನಮ್ಮ ಕರಾವಳಿಯ ಮಿತ್ರರು ಈ ಬಗ್ಗೆ ಊಟವಾದ ಮೇಲೆ ಹೆಚ್ಚು ಹೇಳಬಲ್ಲರು.

ಹೀಗೆ ಒಂದರ ಮೇಲೊಂದು ಆಪಾದನೆ ಬಂದರೂ ಈ ಅಂಗಡಿಯ ಮೇಲಿನ ನಂಬಿಕೆ ಪೂರ್ತಿ ಹೋಗಲಿಲ್ಲ ಏಕೆ? ನಮಗೆ ತೋಚಿದ ಕಾರಣ ಗಾಜು. ಗಾಜಿನ ಆಚೆ ಟೊಮೇಟೊ, ಸೌತೆಕಾಯಿ, ಈರುಳ್ಳಿ, ಲೆಟ್ಯೂಸ್ ಸೊಪ್ಪು. ನಮ್ಮ ಕಣ್ಣೆದುರಿಗೇ ಕೈಗವಸು ಹಾಕಿದ ಹುಡುಗಿ ಒಂದೊಂದಾಗಿ ಜೋಡಿಸುತ್ತಾಳೆ. ಇದು ಹಾಕಿ, ಅದು ಬೇಡ ಎಂದು ನಾವೇ ಹೇಳುತ್ತೇವೆ. 1983ರಿಂದ ಬ್ರೆಡ್ಡನ್ನೂ ಅಂಗಡಿಯಲ್ಲೇ ಬೇಯಿಸಿ ಆ ಪರಿಮಳ ಬೀದಿಗೆ ಬರುವಂತೆ ಮಾಡಿದರು. ಕಣ್ಣೆದುರಿಗೆ ಮಾಡಿದ್ದನ್ನು ಮನುಷ್ಯ ನಂಬುತ್ತಾನೆ.

ಇದು ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನೆನಪು ಮಾಡಿಕೊಳ್ಳಿ. 1924ರಲ್ಲಿ ಮಯ್ಯ ಸಹೋದರರು ಶುರುಮಾಡಿದ ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು ಶುಚಿತ್ವದ ಹೊಸ ಕಟ್ಟುಪಾಡು ತಂದರು. ಊಟಕ್ಕೆ ಬಂದವರು ಅಡುಗೆಮನೆಯನ್ನು ಹಾದು ಒಳಗೆ ಹೋಗುವಂತಿತ್ತು. ಒಲೆ, ಕಡಾಯಿ, ರುಬ್ಬುವ ಕಲ್ಲು, ಮಡಿ ಪಂಚೆಯ ಭಟ್ಟರು, ಎಲ್ಲವನ್ನೂ ನೋಡಿಕೊಂಡೇ ಮೇಜಿಗೆ ಹೋಗಬೇಕು. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಬೆಂಗಳೂರಿನ ಮೂಲೆಮೂಲೆಗೂ ಬಂದ ದರ್ಶಿನಿಗಳಲ್ಲಿಯೂ ದೋಸೆಯ ಕಾವಲಿ ನಮ್ಮ ಕಣ್ಣೆದುರಿಗೇ. ನಿಂತು ತಿನ್ನುವವನು ಭಟ್ಟರ ಕೈಯನ್ನೇ ನೋಡುತ್ತಿರುತ್ತಾನೆ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಹೇಳದೆ ಬಿಟ್ಟರೆ ನಮ್ಮ ಮಾತು ಅರ್ಧವಾಗುತ್ತದೆ. ದೋಸೆಯ ಹಿಟ್ಟನ್ನು ಅಲ್ಲೇ ಹಿಂದಿನ ದಿನ ರುಬ್ಬಿರುತ್ತಾರೆ. ನಾವು ನೋಡುವುದು ಅಡುಗೆಯನ್ನು. ಸ್ಯಾಂಡ್‌ವಿಚ್ ಅಂಗಡಿಯಲ್ಲಿ ನಾವು ನೋಡುವುದು ಜೋಡಣೆಯನ್ನು. ಹಿಟ್ಟು ಹೆಪ್ಪುಗಟ್ಟಿದ ಕೋಲಾಗಿ ಪೆಟ್ಟಿಗೆಯಲ್ಲಿ ಬಂದಿರುತ್ತದೆ, ಸಾಸು ಬಾಟಲಿಯಲ್ಲಿ ಬಂದಿರುತ್ತದೆ, ತರಕಾರಿಯ ಪ್ಯಾಟಿ ಎಲ್ಲೋ ತಯಾರಾಗಿರುತ್ತದೆ. ಗಾಜು ತೋರಿಸುವುದು ಕಡೆಯ ಮೂರು ನಿಮಿಷ. ಸಕ್ಕರೆ ಬಿದ್ದದ್ದು, ರಾಸಾಯನಿಕ ಸೇರಿದ್ದು, ಅದೆಲ್ಲ ಅದಕ್ಕೆ ಮೊದಲು ಮತ್ತು ದೂರದಲ್ಲಿ.

ದೂರದಿಂದ ಬರುವುದರ ವಿಷಯದಲ್ಲಿ ನಮ್ಮ ನೈರೋಬಿಯೇ ಒಂದು ಪಾಠ ಕಂಡಿದೆ. ಅದು ಬೇರೆ ಕಂಪನಿ, ಕೋಳಿಯದು. 2011ರಲ್ಲಿ ಇಲ್ಲಿಗೆ ಬಂದ ಕೆಎಫ್‌ಸಿಯಲ್ಲಿ 2022ರ ಜನವರಿಯಲ್ಲಿ ಚಿಪ್ಸ್ ಮುಗಿದುಹೋಯಿತು. ಕೋವಿಡ್ ಕಾಲದ ಹಡಗು ಸಂಚಾರದ ತೊಂದರೆಯಿಂದ ಹೊರದೇಶದ ಆಲೂಗಡ್ಡೆ ಬರಲಿಲ್ಲ ಎಂದರು. ಆಗ ಜನಕ್ಕೆ ಗೊತ್ತಾಯಿತು, ನ್ಯಾಂಡರುವಾ, ಮೇರು, ನಕೂರುಗಳಲ್ಲಿ ರಾಶಿರಾಶಿ ಆಲೂಗಡ್ಡೆ ಬೆಳೆಯುವ ಈ ದೇಶದಲ್ಲಿ, ಮೆಕ್ಕೆಜೋಳ ಬಿಟ್ಟರೆ ಅದೇ ಮುಖ್ಯ ಬೆಳೆಯಾಗಿರುವ ಈ ದೇಶದಲ್ಲಿ, ಚಿಪ್ಸ್ ಹಡಗಿನಲ್ಲಿ ಬರುತ್ತಿತ್ತು ಎಂದು. ಇಲ್ಲಿನ ರೈತರು ಕಂಪನಿಯ ಗುಣಮಟ್ಟ ಪರೀಕ್ಷೆಯ ಪದ್ಧತಿಯೊಳಗೆ ಇನ್ನೂ ಬಂದಿಲ್ಲ ಎಂಬ ವಿವರಣೆ ಉರಿಯುವ ಬೆಂಕಿಗೆ ತುಪ್ಪವಾಯಿತು. ಬಹಿಷ್ಕಾರದ ಕೂಗೆದ್ದಿತು. ಕೆಲವೇ ದಿನಗಳಲ್ಲಿ ಕಂಪನಿ ಸ್ಥಳೀಯ ಆಲೂಗಡ್ಡೆ ಕೊಳ್ಳುವ ಮಾತು ಕೊಟ್ಟಿತು. ಹತ್ತು ವರ್ಷ ಎಲ್ಲರೂ ತಿಂದಿದ್ದರು, ಎಲ್ಲಿಂದ ಬರುತ್ತದೆ ಎಂದು ನಾವಾಗಲೀ ಬೇರೆಯವರಾಗಲೀ ಕೇಳಿರಲಿಲ್ಲ. ನೈರೋಬಿಯ ಗುಜರಾತಿ ಅಂಗಡಿಗಳ ಆಲೂ ಭಜಿಯಾ ತಿನ್ನುವಾಗ ಆ ಪ್ರಶ್ನೆಯೇ ಏಳುವುದಿಲ್ಲ, ಅಂಗಡಿಯ ಹಿಂದೆಯೇ ಮಣ್ಣು ಮೆತ್ತಿದ ಮೂಟೆ ಕಾಣುತ್ತಿರುತ್ತದೆ.

ಈಗ ನಮ್ಮಲ್ಲಿ ಹಲವರಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಸಸ್ಯಾಹಾರ. ಸಂಘದಲ್ಲಿ ಎಲ್ಲ ಬಗೆಯ ಊಟದವರೂ ಇದ್ದಾರೆ, ಯಾರ ಊಟ ಮೇಲು ಎಂಬ ಚರ್ಚೆ ನಮ್ಮದಲ್ಲ. ಆದರೆ ಸಸ್ಯಾಹಾರ ಎಂದು ನಂಬಿಸಿ ಬೇರೆ ಕೊಡಬಾರದು, ಅಷ್ಟೆ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ಅಮೆರಿಕದಲ್ಲಿ ತನ್ನ ಫ್ರೆಂಚ್ ಫ್ರೈಯನ್ನು ಇನ್ನು ಮೇಲೆ ಸಸ್ಯಜನ್ಯ ಎಣ್ಣೆಯಲ್ಲೇ ಕರಿಯುತ್ತೇವೆ ಎಂದು ಸಾರಿತು. ನಮ್ಮವರು ನಂಬಿ ಹತ್ತು ವರ್ಷ ತಿಂದರು. ಎಣ್ಣೆಯೇನೋ ಸಸ್ಯದ್ದೇ, ಆದರೆ ಆಲೂಗಡ್ಡೆಗೆ ಅಂಗಡಿಗೆ ಬರುವ ಮೊದಲೇ ಗೋಮಾಂಸದ ರುಚಿಸತ್ವ ಸೇರಿಸಿರುತ್ತಿತ್ತು. 2001ರಲ್ಲಿ ಸಿಯಾಟಲ್ ನಗರದ ವಕೀಲ ಹರೀಶ್ ಭಾರ್ತಿ ದಾವೆ ಹೂಡಿದರು. ಕಂಪನಿ ಕ್ಷಮೆ ಕೇಳಿ, 2002ರ ರಾಜಿಯಲ್ಲಿ ಒಂದು ಕೋಟಿ ಡಾಲರನ್ನು ಸಸ್ಯಾಹಾರಿ, ಹಿಂದೂ ಮತ್ತಿತರ ಸಂಸ್ಥೆಗಳಿಗೆ ಕೊಡಬೇಕಾಯಿತು. ಭಾರತದಲ್ಲಿ ಹಾಗೆ ಮಾಡುತ್ತಿಲ್ಲ ಎಂದು ಕಂಪನಿ ಹೇಳಿತು, ಆದರೂ ಮುಂಬಯಿ ಕಡೆ ಪ್ರತಿಭಟನೆಗಳಾದವು. ಹಣದಿಂದ ಸರಿಹೋಗುವ ನೋವು ಅದಾಗಿರಲಿಲ್ಲ. ಆ ಹತ್ತು ವರ್ಷ ಅದನ್ನು ಮಕ್ಕಳಿಗೆ ತಮ್ಮ ಕೈಯಾರೆ ತಿನ್ನಿಸಿದ ಅಜ್ಜಿಯರು ಎಷ್ಟು ಮಂದಿಯೋ.

ಸಬ್‌ವೇ ಭಾರತಕ್ಕೆ ಹೋದಾಗ ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತುಕೊಂಡಿತು. ಅಲ್ಲಿ ದನ, ಹಂದಿಗಳ ಮಾಂಸವಿಲ್ಲ. ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಬೇರೆ ಬೇರೆ ಕಟ್ಟೆ. 2012ರಲ್ಲಿ ಜಲಂಧರ್ ಬಳಿಯ ಲವ್ಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಪೂರ್ಣ ಸಸ್ಯಾಹಾರಿ ಅಂಗಡಿಯನ್ನೇ ತೆರೆಯಿತು, ಮರುವರ್ಷ ಅಹಮದಾಬಾದಿನಲ್ಲಿ ಜೈನರಿಗೆ ಒಪ್ಪುವ ಅಡುಗೆಯೂ ಇರುವ ಇನ್ನೊಂದನ್ನು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಸುಮಾರು 185 ಅಂಗಡಿಗಳಲ್ಲಿ ಹಂದಿಮಾಂಸ ತೆಗೆದು ಹಲಾಲ್ ಮಾಂಸ ಇಟ್ಟಿತು. 2014ರಲ್ಲಿ ಅದು ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ವಿವಾದವೂ ಆಯಿತು. ಅಂದರೆ ಗಿರಾಕಿಗಳು ಕೇಳುವ ಕಡೆ ಕಂಪನಿ ಬದಲಾಗುತ್ತದೆ, ಕೇಳದ ಕಡೆ ಇದ್ದಂತೆ ಇರುತ್ತದೆ. ನಾವು ಊರಿಗೆ ಹೋದಾಗ ಬೆಂಗಳೂರಿನ ಸಬ್‌ವೇಯಲ್ಲಿ ನೋಡಿದ ಬೇರೆ ಕಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೇರೆ ದೇಶದಲ್ಲಿಯೂ ಅದೇ ಇರುತ್ತದೆಂದು ನಂಬಿ ಕೊಳ್ಳುವುದು ಸರಿಯಲ್ಲ. ಒಂದೇ ಚಾಕು, ಒಂದೇ ಹಲಗೆ, ಒಂದೇ ಕೈಗವಸು ಇರುವ ಸಂಭವವೇ ಹೆಚ್ಚು. ಭಾರತದ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯ ನೆರವೂ ಇಲ್ಲಿಲ್ಲ. ಮೇಯನೇಸಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಕೆಲವು ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ ಹೆಪ್ಪು ಹಾಕಿರುತ್ತಾರೆ.

ಭಾಷೆಯ ತೊಡಕು ಬೇರೆ. ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಸಸ್ಯಾಹಾರಿ ಕುಟುಂಬಗಳು ‘ಜಾಂಬೊ’ ಆದ ಮೇಲೆ ಕಲಿಯುವ ಮೊದಲ ಸ್ವಾಹಿಲಿ ಎಂದರೆ ‘ಬಿಲಾ ನ್ಯಾಮಾ’, ಮಾಂಸವಿಲ್ಲದ್ದು ಎಂದು. ಅಷ್ಟು ಹೇಳಿ ನಿಶ್ಚಿಂತೆಯಿಂದ ಕುಳಿತರೆ ಪ್ರೀತಿಯಿಂದ ಕೋಳಿ ತಂದಿಡುತ್ತಾರೆ! ಅವರದು ತಪ್ಪಿಲ್ಲ. ಅವರ ಮಾತಿನಲ್ಲಿ ನ್ಯಾಮಾ ಎಂದರೆ ದನ, ಆಡು. ಕೋಳಿ ಕೋಳಿಯೇ, ಮೀನು ಮೀನೇ. ‘ಬಿಲಾ ಕುಕು, ಬಿಲಾ ಸಮಾಕಿ’ ಎಂದೂ ಸೇರಿಸಬೇಕು. ಸೌತ್ ಸಿಯಲ್ಲಿ ನಮ್ಮ ಅಕ್ಕಪಕ್ಕದ ಮುಸ್ಲಿಂ ಮನೆಯವರನ್ನು ನೋಡಿ. ಹೊಸ ಅಂಗಡಿ ಬಂದರೆ ಸಂಕೋಚವಿಲ್ಲದೆ ಹಲಾಲ್ ಹೌದೇ ಎಂದು ಕೇಳುತ್ತಾರೆ, ಅದಕ್ಕೇ ಅಂಗಡಿಗಳು ಫಲಕ ಹಾಕಿಕೊಂಡಿವೆ. ನಾವು ಮಾತ್ರ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದು, ಮನೆಗೆ ಬಂದು ಗೊಣಗುತ್ತೇವೆ.

ಕಂಪನಿಯ ಈಚಿನ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. 2015ರಲ್ಲಿ ಅಮೆರಿಕದಲ್ಲಿ ಸುಮಾರು 27,000 ಇದ್ದ ಅಂಗಡಿಗಳು 2023ರ ಕೊನೆಗೆ ಸುಮಾರು 20,000ಕ್ಕೆ ಇಳಿದವು. ಪರಸ್ಪರ ಹತ್ತಿರ ಹತ್ತಿರ ಅಂಗಡಿ ತೆರೆಸಿದ್ದು, ಐದು ಡಾಲರಿಗೆ ಉದ್ದ ಸ್ಯಾಂಡ್‌ವಿಚ್ ಎಂಬ ಅಗ್ಗದ ಮಾರಾಟವನ್ನು ವರ್ಷಗಟ್ಟಲೆ ಎಳೆದದ್ದು ಅಂಗಡಿಯವರ ಬೆನ್ನು ಮುರಿಯಿತು. ಮುಚ್ಚಿದ ಅಂಗಡಿಗಳಲ್ಲಿ ನಮ್ಮಂಥ ವಲಸಿಗರ ಉಳಿತಾಯವೂ ಇತ್ತು. ಪೀಟರ್ ಬಕ್ 2021ರಲ್ಲಿ ತೀರಿಕೊಂಡರು. 2024ರ ಏಪ್ರಿಲಿನಲ್ಲಿ ರೋರ್ಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಇಡೀ ಕಂಪನಿಯನ್ನು ಕೊಂಡಿತು. ಸಾವಿರ ಡಾಲರಿನ ಅಂಗಡಿಗೆ ಸುಮಾರು 960 ಕೋಟಿ ಡಾಲರ್ ಬೆಲೆ ಎಂದು ವರದಿಯಾಯಿತು. ನಮ್ಮ ಎಂ.ಟಿ.ಆರ್. ಕಥೆಯೂ ಹತ್ತಿರಹತ್ತಿರ ಹಾಗೆಯೇ ಸಾಗಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಬೆಲೆ ಕಟ್ಟಿದಾಗ ನಷ್ಟವಾಗಿ, ಮಯ್ಯರು ಸಿದ್ಧ ಹಿಟ್ಟು, ಪುಡಿಗಳ ಕಡೆ ತಿರುಗಿದರು. ಆ ಪೊಟ್ಟಣದ ವ್ಯಾಪಾರವನ್ನು 2007ರಲ್ಲಿ ನಾರ್ವೆಯ ಆರ್ಕ್‌ಲಾ ಕೊಂಡಿತು, ಹೋಟೆಲು ಮಯ್ಯರ ಮನೆಯಲ್ಲೇ ಉಳಿಯಿತು. ಇಲ್ಲಿ ನಮ್ಮ ಕಪಾಟಿನಲ್ಲಿರುವ ರವೆ ಇಡ್ಲಿ ಮಿಶ್ರಣದ ಪೊಟ್ಟಣ ನಾರ್ವೆಯವರದು. ಹಾಗೆಂದು ನಾವು ಅದನ್ನು ಬಿಟ್ಟಿಲ್ಲ, ಆದರೆ ಹಿಂಬದಿಯ ಸಣ್ಣಕ್ಷರವನ್ನು ಈಗ ಓದುತ್ತೇವೆ.

ತಾಯಂದಿರ ಸಲಹೆಯನ್ನು ಸಮಿತಿ ತಳ್ಳಿಹಾಕಿಲ್ಲ. ಬೆಳಗಿನ ಜಾವ ನಾಲ್ಕೂವರೆಯ ಒಗ್ಗರಣೆ ಯಾವಾಗಲೂ ಅದೇ ನಾಲ್ಕು ಮನೆಗಳ ಪಾಲಿಗೆ ಬೀಳುತ್ತಿರುವುದು ನ್ಯಾಯವಲ್ಲ, ಅದನ್ನು ಇಲ್ಲಿ ಬಹಿರಂಗವಾಗಿಯೇ ಹೇಳುತ್ತೇವೆ. ಮುಂದಿನ ಮಕ್ಕಳ ಕಾರ್ಯಕ್ರಮಕ್ಕೆ ಎರಡು ದಾರಿ ಇಟ್ಟುಕೊಂಡಿದ್ದೇವೆ. ಒಂದು, ಹೊರಗಿನಿಂದ ತರಿಸುವುದು. ಹಾಗೆ ಮಾಡಿದರೆ, ಯಾವ ಅಂಗಡಿಯೇ ಆಗಲಿ, ನಮ್ಮಲ್ಲಿಬ್ಬರು ಮುಂಚಿತವಾಗಿ ಹೋಗಿ ಚಾಕು, ಹಲಗೆ, ಕೈಗವಸು ಬೇರೆ ಇಡುತ್ತಾರೆಯೇ, ಬ್ರೆಡ್ಡಿನ ಹಿಟ್ಟಿನಲ್ಲಿ ಏನೇನಿದೆ, ಚೀಸಿಗೆ ಹೆಪ್ಪು ಯಾವುದು, ಮೇಯನೇಸಿನಲ್ಲಿ ಮೊಟ್ಟೆ ಇದೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ ಬರೆದುಕೊಂಡು ಬರುತ್ತಾರೆ. ಉತ್ತರ ಸಿಗದಿದ್ದರೆ ಆ ಅಂಗಡಿ ಬೇಡ. ಇನ್ನೊಂದು ದಾರಿ, ಬೇಕರಿಯಿಂದ ಬ್ರೆಡ್ಡು ತಂದು ಇಲ್ಲೇ ಉದ್ದನೆಯ ಮೇಜು ಹಾಕಿ, ಒಂದು ಕಡೆ ಸೌತೆಕಾಯಿ, ಟೊಮೇಟೊ, ಬೇಯಿಸಿದ ಆಲೂಗಡ್ಡೆ, ಕೊತ್ತಂಬರಿ ಚಟ್ನಿ, ಇನ್ನೊಂದು ಕಡೆ ಬೇಕಾದವರಿಗೆ ಮೊಟ್ಟೆ ಇಟ್ಟು, ಮಕ್ಕಳೇ ಸಾಲಾಗಿ ನಿಂತು ತಮಗೆ ಬೇಕಾದ್ದನ್ನು ಜೋಡಿಸಿಕೊಳ್ಳುವಂತೆ ಮಾಡುವುದು. ಹೆಚ್ಚುವ ಕೆಲಸ ತಂದೆಯಂದಿರದು. ಇದಕ್ಕೆ ಈಗಾಗಲೇ ಮೂವರು ಒಪ್ಪಿದ್ದಾರೆ, ಇನ್ನೂ ಐವರು ಬೇಕು. ಊಟದ ಮನೆಯ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಮಕ್ಕಳ ತಾಯಂದಿರು ಎರಡರಲ್ಲಿ ಯಾವುದು ಎಂದು ಬರೆಯಿರಿ, ತಂದೆಯಂದಿರು ಹೆಸರು ಬರೆಯಿರಿ, ಚಾಕು ಮನೆಯಿಂದ ತರಬೇಕು.